ಕಷ್ಟಕ್ಕೆ ಎಷ್ಟು ಅಂಕ?

ಎದೆಯ ಮೂಳೆಯನ್ನು ಮೇಲಿನಿಂದ ಕೆಳಗಿನವರೆಗೆ ಕೊಯ್ದು, ಒಳಗಿನ ರಿಪೇರಿ ಮುಗಿಸಿ, ಸ್ಟೀಲ್ ತಂತಿಯಿಂದ ಬಿಗಿದು ವಾರ್ಡಿಗೆ ತಂದು ಮಲಗಿಸಿದ ಮೇಲೆ ಆಸ್ಪತ್ರೆಯವರು ನಿಮ್ಮ ಕೈಗೆ ಕೊಡುವ ಮೊಟ್ಟಮೊದಲ ಸಲಕರಣೆ ಯಾವುದು ಹೇಳಿ ನೋಡೋಣ. ದಿಂಬು! ಅದೂ ಕೆಂಪು ಬಟ್ಟೆಯದು, ಹೃದಯದ ಆಕಾರದ್ದು. ಕೆಮ್ಮು ಬಂದರೆ, ಸೀನು ಬಂದರೆ, ಅಪ್ಪಿತಪ್ಪಿ ನಗು ಬಂದರೆ ಅದನ್ನು ಎದೆಗೆ ಗಟ್ಟಿಯಾಗಿ ಅವುಚಿಕೊಳ್ಳಬೇಕು. ಇಲ್ಲದಿದ್ದರೆ ಸೀಳಿದ ಮೂಳೆಯ ಎರಡೂ ದಡ ಎಳೆದಂತಾಗಿ ಮೂರು ಲೋಕವೂ ಒಟ್ಟಿಗೇ ಕಾಣಿಸುತ್ತವೆ. ಇಷ್ಟು ವರ್ಷದ ದಾಂಪತ್ಯದಲ್ಲಿ ನನಗೆ ಕೆಂಪು ಹೃದಯವನ್ನು ಯಾರೂ ಕೊಟ್ಟಿರಲಿಲ್ಲ. ಕೊನೆಗೂ ಕೊಟ್ಟವಳು ಕೇರಳದ ಒಬ್ಬ ಸಿಸ್ಟರ್. ನಮ್ಮ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ತೊಳೆದರೆ ಬಣ್ಣ ಬಿಡುತ್ತೆ" ಎಂದರು.

ಆ ದಿಂಬಿನ ನಿಜವಾದ ಬೆಲೆ ತಿಳಿದದ್ದು ಮನೆಗೆ ಬಂದ ಮೇಲೆ, ನೋಡಲು ಬರುವವರ ಸಾಲು ಶುರುವಾದಾಗ. ನಮ್ಮ ಕಡೆ ಆಪರೇಷನ್ ಆದವರನ್ನು ನೋಡಲು ಹೋಗದೆ ಇರುವುದು ಮಹಾಪರಾಧ. ಮದುವೆ ತಪ್ಪಿಸಿಕೊಂಡರೆ ನಾಮಕರಣಕ್ಕಾದರೂ ಹೋಗಿ ಸರಿಮಾಡಿಕೊಳ್ಳಬಹುದು; ಬೈಪಾಸ್ ಆದವರು ಆಮೇಲೆ ಸಿಗುತ್ತಾರೋ ಇಲ್ಲವೋ! ಹಾಗಾಗಿ ಮೂಸಂಬಿ ಚೀಲಗಳು ಬಂದವು. ಚೀಲದ ಜೊತೆಗೆ ಪ್ರತಿಯೊಬ್ಬರ ಹತ್ತಿರವೂ ಒಬ್ಬ ಷಡ್ಡಕನ ಕತೆ ಇತ್ತು. "ನಮ್ಮ ಷಡ್ಡಕರಿಗೂ ಹಿಂಗೇ ಆಗಿತ್ತು ಕಣ್ರೀ, ಆಪರೇಷನ್ ಆಗಿ ಆರು ತಿಂಗಳು ಚೆನ್ನಾಗೇ ಓಡಾಡಿಕೊಂಡಿದ್ರು..." ಎಂದು ಹೇಳಿ, ವಾಕ್ಯವನ್ನು ಅಲ್ಲಿಗೇ ಬಿಟ್ಟು, ಸೀಲಿಂಗ್ ಫ್ಯಾನಿನ ಕಡೆ ನೋಡುತ್ತಿದ್ದರು. ಎದುರು ಮನೆಯಾಕೆಯಂತೂ ಪಕ್ಕಕ್ಕೆ ಬಂದು ಕೂತು, ಬಹಳ ಕಾಳಜಿಯಿಂದ, ತಗ್ಗಿದ ದನಿಯಲ್ಲಿ, "ಒಳಗೆ ತಂತಿ ಹಾಕಿದ್ದಾರಂತಲ್ಲ, ಸಿಡಿಲು ಬರೋವಾಗ ಹೊರಗೆ ಬರಬೇಡಿ ಆಂಟಿ" ಎಂದರು. ದಿಂಬು ಮಂಚದ ಆ ತುದಿಯಲ್ಲಿತ್ತು. ಅದು ಕೈಗೆ ಸಿಗುವಷ್ಟರಲ್ಲಿ ನಾನು ನಕ್ಕುಬಿಟ್ಟಿದ್ದೆ. ನಗುತ್ತಲೇ ಅತ್ತೆ. ಆಕೆ ತಮ್ಮ ಮಾತು ಮನಸ್ಸಿಗೆ ತಾಗಿತೆಂದು ತಿಳಿದು ತಾವೂ ಅತ್ತರು.

ನನ್ನ ಪರಿಚಯ ಹೇಳಲೇ ಇಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಲೆಕ್ಕ ತಪ್ಪಿದರೆ ನಿದ್ದೆ ಬಾರದ ಜಾತಿ. ಎದೆನೋವು ಎಂಬುದು ನನಗೆ ಬರಲೇ ಇಲ್ಲ. ಮಹಡಿ ಹತ್ತಿ ಬಟ್ಟೆ ಒಣಹಾಕುವಾಗ ಏದುಸಿರು, ದವಡೆಯಲ್ಲಿ ಏನೋ ಹಿಡಿದಂತೆ, ಸಂಜೆಯಾದರೆ ಸುಸ್ತು, ಇಷ್ಟೇ. ಹೆಂಗಸರಲ್ಲಿ ಹೃದಯದ ತೊಂದರೆ ಹೀಗೆ ಬೇರೆ ವೇಷ ಹಾಕಿಕೊಂಡು ಬರುವುದುಂಟು ಎಂದು ಡಾಕ್ಟರು ಆಮೇಲೆ ಹೇಳಿದರು. ಅದಕ್ಕೆ ಮುಂಚೆ ಮನೆಮಂದಿಯೆಲ್ಲ ಸೇರಿ ಅದಕ್ಕೆ ಗ್ಯಾಸ್ ಎಂದು ಹೆಸರಿಟ್ಟಾಗಿತ್ತು. ಜೀರಿಗೆ ಕಷಾಯ, ಓಮಿನ ನೀರು, ಯಾರೋ ಕೊಟ್ಟ ಮಾತ್ರೆ ಎಲ್ಲ ಮುಗಿದ ಮೇಲೆ ಆಂಜಿಯೋಗ್ರಾಂ ಆಯಿತು. ಮೂರು ಕಡೆ ಅಡ್ಡಿ. ಆಗ ನನ್ನ ಕಾಲಿನಿಂದ ಒಂದು ಉದ್ದನೆಯ ರಕ್ತನಾಳ ತೆಗೆದು, ಎದೆಗೂಡಿನ ಒಳಗೋಡೆಯ ಒಂದು ನಾಳವನ್ನೂ ಬಿಡಿಸಿ, ಹೃದಯಕ್ಕೆ ಹೊಸ ದಾರಿಗಳನ್ನು ಹೊಲಿದರು.

ಕಾಲಿನ ನಾಳದ ಸಂಗತಿ ನನಗೆ ಬಹಳ ಇಷ್ಟವಾಯಿತು. ಅದರೊಳಗೆ ಸಣ್ಣ ಸಣ್ಣ ಕವಾಟಗಳಿರುತ್ತವೆ, ರಕ್ತ ಕೆಳಕ್ಕೆ ಇಳಿದುಬಿಡದ ಹಾಗೆ. ಅದನ್ನು ಇದ್ದಂತೆಯೇ ಹೊಲಿದರೆ ಆ ಕವಾಟಗಳೇ ಅಡ್ಡ ನಿಲ್ಲುತ್ತವೆ. ಅದಕ್ಕೇ ಅದನ್ನು ತಿರುಗಿಸಿ, ತಲೆಕೆಳಗಾಗಿ ಹಾಕುತ್ತಾರೆ. ಈ ವಿದ್ಯೆಯನ್ನು ರೂಢಿಗೆ ತಂದವರು ಅರ್ಜೆಂಟೀನಾದ ರೆನೆ ಫಾವಲೋರೋ. ಹಾಸಿಂತೋ ಅರಾವುಸ್ ಎಂಬ ಹಳ್ಳಿಯಲ್ಲಿ ಹತ್ತಿಪ್ಪತ್ತು ರೋಗಕ್ಕೂ ವೈದ್ಯರಾಗಿ 12 ವರ್ಷ ದುಡಿದು, ಆಮೇಲೆ ಅಮೆರಿಕದ ಕ್ಲೀವ್‌ಲ್ಯಾಂಡಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದ ಮನುಷ್ಯ. 1967ರ ಮೇ ತಿಂಗಳಲ್ಲಿ ಅವರು ಹೀಗೆ ಕಾಲಿನ ನಾಳ ಹೊಲಿದದ್ದು 51 ವರ್ಷದ ಒಬ್ಬ ಹೆಂಗಸಿಗೆ. ಆ ತಾಯಿಯ ಮನೆಗೂ ನೋಡಲು ಜನ ಬಂದಿರಬೇಕು. ಆದರೆ ಅವಳ ಮುಂದೆ ಹೇಳಲು ಯಾರ ಷಡ್ಡಕನ ಕತೆಯೂ ಇರಲಿಲ್ಲವಲ್ಲ, ಪುಣ್ಯವಂತೆ.

ಇನ್ನೊಂದು ಸಂಗತಿ ಮಾತ್ರ ಇಷ್ಟವಾಗಲಿಲ್ಲ. ಹೊಲಿಗೆ ಹಾಕುವಷ್ಟು ಹೊತ್ತು ನನ್ನ ಹೃದಯವನ್ನು ನಿಲ್ಲಿಸಿದ್ದರಂತೆ. ಪೊಟ್ಯಾಸಿಯಂ ಬೆರೆಸಿದ ತಣ್ಣನೆಯ ದ್ರಾವಣ ಹಾಯಿಸಿ ಅದನ್ನು ಮಲಗಿಸಿ, ರಕ್ತ ತಿರುಗಿಸುವ ಕೆಲಸವನ್ನೂ ಉಸಿರಿನ ಕೆಲಸವನ್ನೂ ಒಂದು ಯಂತ್ರಕ್ಕೆ ವಹಿಸಿದ್ದರು. 1953ರಲ್ಲಿ ಜಾನ್ ಗಿಬ್ಬನ್ ಎಂಬ ಅಮೆರಿಕದ ಸರ್ಜನ್ ಆ ಯಂತ್ರವನ್ನು ಮೊದಲು ಗೆಲ್ಲಿಸಿದ್ದು. ಇದೆಲ್ಲ ಓದಲು ಚೆನ್ನ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಒಂದು ಸಲ ನಿಂತದ್ದು ಇನ್ನೊಂದು ಸಲ ನಿಲ್ಲುವುದಿಲ್ಲ ಎಂಬುದಕ್ಕೆ ಏನು ಗ್ಯಾರಂಟಿ ಎಂಬ ಪ್ರಶ್ನೆ ಎದ್ದರೆ ಗಿಬ್ಬನ್ನೂ ಇಲ್ಲ, ಫಾವಲೋರೋನೂ ಇಲ್ಲ. ಪಕ್ಕದಲ್ಲಿ ಯಜಮಾನರ ಗೊರಕೆ ಮಾತ್ರ.

ಮಹಡಿಯ ಮೇಲೆ ಹೊಸ ಬಾಡಿಗೆಯವರು ಬಂದರೆ ಕೆಳಗಿನ ಮನೆಯ ಓನರು ಹೇಗಿರುತ್ತಾರೆ ನೋಡಿದ್ದೀರಲ್ಲ. ಅದೇನು ಎಳೆದ ಸದ್ದು, ಇಷ್ಟು ಹೊತ್ತಿನಲ್ಲಿ ಯಾಕೆ ನಲ್ಲಿ ಬಿಟ್ಟರು, ಈಗ ಯಾಕೆ ಸದ್ದೇ ಇಲ್ಲ ಎಂದು ಕಿವಿ ಮೇಲೇ ಇಟ್ಟಿರುತ್ತಾರೆ. ನಾನು ನನ್ನ ಮೈಗೆ ಅಂಥ ಓನರಾಗಿಬಿಟ್ಟೆ. ಎಡಮಗ್ಗುಲಾದರೆ ದಿಂಬಿನೊಳಗಿಂದಲೇ ಲಬ್‌ಡಬ್ ಕೇಳುತ್ತಿತ್ತು. ಎದ್ದು ಕೂರುವಾಗ ಎದೆಯಲ್ಲಿ ಕಟಕ್ ಎಂದರೆ ತಂತಿ ಬಿಚ್ಚಿತೇ ಎಂಬ ದಿಗಿಲು. ಎಡಗಡೆ ಎದೆಯ ಮೇಲೆ ಒಂದಂಗೈ ಅಗಲ ಜೋಮು ಹಿಡಿದಂತೆ, ಸೀರೆ ತಾಗಿದ್ದು ಗೊತ್ತಾಗುತ್ತಿರಲಿಲ್ಲ. ನಾಳ ತೆಗೆದ ಕಾಲು ಸಂಜೆಗೆ ಊದಿಕೊಳ್ಳುತ್ತಿತ್ತು. ರಾತ್ರಿ ಬೆವರು. ನಾಲಗೆಗೆ ಕಾಫಿ ಕಾಫಿಯಂತಿರಲಿಲ್ಲ, ಇದು ಎಲ್ಲಕ್ಕಿಂತ ದೊಡ್ಡ ನಷ್ಟ. ಫೋನ್ ಮಾಡಿದಾಗಲೆಲ್ಲ ಆಸ್ಪತ್ರೆಯವರ ಉತ್ತರ ಒಂದೇ: "ಅದು ನಾರ್ಮಲ್ ಅಮ್ಮ." ನಾಳ ತೆಗೆದ ಕಡೆ ನರಗಳಿಗೆ ಪೆಟ್ಟಾಗಿ ಜೋಮು, ಅದು ನಾರ್ಮಲ್. ಕಾಲಿನ ದಾರಿ ಒಂದು ಕಮ್ಮಿಯಾದ್ದರಿಂದ ಊತ, ಅದೂ ನಾರ್ಮಲ್. ಟಿ.ವಿ.ಯಲ್ಲಿ ಬಟ್ಟೆ ಸೋಪಿನ ಜಾಹೀರಾತು ನೋಡಿ ನಾನು ಬಿಕ್ಕಿ ಬಿಕ್ಕಿ ಅತ್ತೆ. ಹೃದಯದ ಆಪರೇಷನ್ ಆದವರಲ್ಲಿ ಅದೂ ಬಹಳ ಸಾಮಾನ್ಯವಂತೆ. ಇಷ್ಟೊಂದು ನಾರ್ಮಲ್ ಆಗಿ ನಾನು ಹಿಂದೆಂದೂ ಇರಲಿಲ್ಲ.

ಈ ಹೊತ್ತಿಗೆ ಅರಕಲಗೂಡಿನಿಂದ ಚಿಕ್ಕಮ್ಮ ಬಂದರು. ಎಂಬತ್ತು ದಾಟಿದವರು, ಬಸ್ಸಿನಲ್ಲಿ ಒಬ್ಬರೇ. ಚೀಲದಲ್ಲಿ ಮೆಣಸು, ಒಣಶುಂಠಿ, ಹಿಪ್ಪಲಿ, ಒಂದು ಕಟ್ಟು ಬೆಳ್ಳುಳ್ಳಿ, ತಲೆಗೆ ಕಟ್ಟಲು ಹಳೇ ಪಂಚೆಯ ತುಂಡು. "ಕೊಯ್ದ ಮೈ ಅಂದ ಮೇಲೆ ಇದೂ ಒಂದು ಬಾಣಂತನಾನೇ ಕಣೇ" ಎಂದು ತೀರ್ಪು ಕೊಟ್ಟು, ನನ್ನ ಮಂಚಕ್ಕೆ ಪರದೆ ಕಟ್ಟಿಸಿದರು. ಗಾಳಿಗೆ ಮೈಯೊಡ್ಡುವಂತಿಲ್ಲ, ಪುಸ್ತಕ ಓದುವಂತಿಲ್ಲ, ನೆಲಕ್ಕೆ ಬರಿಗಾಲು ಇಡುವಂತಿಲ್ಲ, ನಲವತ್ತು ದಿನ. ಸಾಂಬ್ರಾಣಿ ಹೊಗೆ ಹಾಕುತ್ತೇನೆಂದು ಕೆಂಡ ಸಿದ್ಧಮಾಡಿದ ದಿನವೇ ಫಿಸಿಯೋಥೆರಪಿಯ ಹುಡುಗಿ ಮನೆಗೆ ಬಂದಳು. ಅವಳ ಕೈಯಲ್ಲಿ ಮೂರು ಪ್ಲಾಸ್ಟಿಕ್ ಕೊಳವೆಗಳೊಳಗೆ ಮೂರು ಚೆಂಡುಗಳಿರುವ ಉಸಿರಿನ ಆಟಿಕೆ. ಆ ಕೊಳವೆಗಳ ಮೇಲೆ 600, 900, 1200 ಎಂದು ಬರೆದಿರುತ್ತದೆ. ಊದಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ಊದಿದರೆ ಚೆಂಡು ಅಲ್ಲಾಡುವುದೂ ಇಲ್ಲ. ಎಳೆಯಬೇಕು, ಒಳಕ್ಕೆ, ನಿಧಾನವಾಗಿ, ಕುಗ್ಗಿದ ಶ್ವಾಸಕೋಶದ ಮೂಲೆಮೂಲೆಯೂ ಅರಳುವ ಹಾಗೆ. ನಾನು ಒಂದು ಚೆಂಡು ಎತ್ತಲು ಪಟ್ಟ ಪಾಡನ್ನು ನೋಡುತ್ತಿದ್ದ ಮೊಮ್ಮಗ ಅದನ್ನು ಕಸಿದುಕೊಂಡು ಒಂದೇ ಉಸಿರಿಗೆ ಮೂರನ್ನೂ ಸೂರಿಗೆ ಹತ್ತಿಸಿ, "ಇಷ್ಟೇನಾ ಅಜ್ಜಿ?" ಎಂದ.

ಹುಡುಗಿ ಹೊಗೆ ಬೇಡ ಎಂದಳು. ಅಷ್ಟಾದರೆ ಪರವಾಗಿರಲಿಲ್ಲ. ದಿನಕ್ಕೆ ನಾಲ್ಕು ಸಲ ಎದ್ದು ನಡೆಯಬೇಕು ಎಂದಳು. ಚಿಕ್ಕಮ್ಮನಿಗೆ ಸಿಟ್ಟು ನೆತ್ತಿಗೇರಿತು. "ನಡೆಯೋದಂತೆ! ಒಳಗೆ ಹಸೀ ಗಾಯ ಇದೆ. ಯಾರೇ ನಿನಗೆ ಇದನ್ನ ಹೇಳಿಕೊಟ್ಟಿದ್ದು?"

ಯಾರು ಹೇಳಿಕೊಟ್ಟರು ಎಂಬುದು ಒಳ್ಳೆಯ ಪ್ರಶ್ನೆಯೇ. ಯಾಕೆಂದರೆ ಒಂದು ಕಾಲಕ್ಕೆ ಡಾಕ್ಟರುಗಳೆಲ್ಲ ನಮ್ಮ ಚಿಕ್ಕಮ್ಮನ ಪಕ್ಷದಲ್ಲೇ ಇದ್ದರು. ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಇಳಿಸುತ್ತಿರಲಿಲ್ಲ. ಊಟವನ್ನೂ ಇನ್ನೊಬ್ಬರು ಬಾಯಿಗಿಡಬೇಕು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ಗುರುಶಿಷ್ಯರು ಅಂಥ ರೋಗಿಗಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಬರೀ ಕೂರಿಸಿದ್ದು, ನಡೆಸಿದ್ದಲ್ಲ. ಅದಕ್ಕೇ ಸಹೋದ್ಯೋಗಿಗಳು ಕೆಂಡವಾದರು. ಕೂತವರು ಮಾತ್ರ ಮಲಗಿದವರಿಗಿಂತ ಚೆನ್ನಾಗಿಯೇ ಇದ್ದರು. ಆಮೇಲೆ 1966ರಲ್ಲಿ ಡಲ್ಲಾಸಿನಲ್ಲಿ ಒಂದು ತಮಾಷೆ ನಡೆಯಿತು. ಇಪ್ಪತ್ತರ ಪ್ರಾಯದ ಐದು ಜನ ಗಟ್ಟಿಮುಟ್ಟು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಎದ್ದಾಗ ಅವರ ಹೃದಯದ ಕಸುವು ಮುದುಕರದ್ದರಂತೆ ಇಳಿದುಹೋಗಿತ್ತು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಹುಡುಕಿ ಕರೆಸಿ ಪರೀಕ್ಷೆ ಮಾಡಿದರೆ, ಮೂವತ್ತು ವರ್ಷದ ಮುಪ್ಪು ಅವರ ಮೈಗೆ ಮಾಡಿದ ಹಾನಿಗಿಂತ ಆ ಮೂರು ವಾರದ ಹಾಸಿಗೆ ಮಾಡಿದ್ದ ಹಾನಿಯೇ ಹೆಚ್ಚಾಗಿತ್ತು! ಇದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, "ಮೂರು ವಾರ ಸುಮ್ಮನೆ ಮಲಗಿದ್ದರಲ್ಲ, ಅವರಿಗೆ ಮೆಣಸಿನ ಸಾರು ಯಾರು ಕೊಟ್ಟರು?" ಎಂದು ಕೇಳಿದರು. ಆ ವರದಿಯಲ್ಲಿ ಅದರ ಪ್ರಸ್ತಾಪವಿರಲಿಲ್ಲ.

ಸೀಳಿದ ಎದೆಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಎಂಬುದು ಆಸ್ಪತ್ರೆಯ ಲೆಕ್ಕ. ಆರು ವಾರವೆಂದರೆ 42 ದಿನ. ಚಿಕ್ಕಮ್ಮನ ಲೆಕ್ಕ 40. ಎರಡು ದಿನಕ್ಕೆ ಏನು ಜಗಳ? ಕೊನೆಗೆ ರಾಜಿಯಾಯಿತು. ನಡೆಯುವುದು ಹುಡುಗಿಯ ಇಷ್ಟದಂತೆ, ತಲೆಗೆ ಬಟ್ಟೆ ಚಿಕ್ಕಮ್ಮನ ಇಷ್ಟದಂತೆ. ಮುಂಡಾಸು ಕಟ್ಟಿಕೊಂಡು ನಾನು ನಡುಮನೆಯಿಂದ ಹಿತ್ತಿಲಿಗೂ ಹಿತ್ತಿಲಿಂದ ಗೇಟಿಗೂ ಗಸ್ತು ತಿರುಗಿದೆ. ಆದರೂ ಒಂದು ಮಾತು ಹೇಳಬೇಕು. ಬಾಣಂತನದ ಗುಟ್ಟು ಹಿಪ್ಪಲಿಯಲ್ಲಿಲ್ಲ, ಮೆಣಸಿನಲ್ಲೂ ಇಲ್ಲ. ಪರದೆಯ ಹಿಂದೆ ಇರುವವಳನ್ನು ಒಂದು ಲೋಟ ಕಾಫಿ ಮಾಡು ಎಂದು ಯಾರೂ ಕೇಳಕೂಡದು ಎಂಬ ಕಾನೂನಿದೆಯಲ್ಲ, ಅದರಲ್ಲಿದೆ. ಫಿಸಿಯೋ ಹುಡುಗಿಯ ಕಾಗದದಲ್ಲಿ ಆ ಕಾನೂನು ಇರಲಿಲ್ಲ.

ಆ ಕಾಗದದ ಬಗ್ಗೆಯೂ ಹೇಳಬೇಕು. ಏನು ಮಾಡಬಾರದು ಎಂಬ ಪಟ್ಟಿ, ಪಕ್ಕದಲ್ಲಿ ಚಿತ್ರಗಳು. ಒಬ್ಬ ಗಂಡಸು ಸೂಟ್‌ಕೇಸ್ ಎತ್ತುತ್ತಿದ್ದಾನೆ, ಅಡ್ಡಗೀಟು. ಅವನೇ ಕಾರು ಓಡಿಸುತ್ತಿದ್ದಾನೆ, ಅಡ್ಡಗೀಟು. ಗಾಲ್ಫ್ ಆಡುತ್ತಿದ್ದಾನೆ, ಅದಕ್ಕೂ ಅಡ್ಡಗೀಟು. ಎರಡು ಕೆ.ಜಿ.ಗಿಂತ ಹೆಚ್ಚು ಭಾರ ಎತ್ತಕೂಡದು, ಎರಡೂ ಕೈಯಿಂದ ತಳ್ಳಕೂಡದು, ಎಳೆಯಕೂಡದು. ಗಾಲ್ಫ್ ಬಿಡುವುದು ನನಗೆ ಕಷ್ಟವಾಗಲಿಲ್ಲ. ಆದರೆ ಐದು ಲೀಟರಿನ ಕುಕ್ಕರು? ಅದು ಖಾಲಿ ಇದ್ದಾಗಲೇ ಹೆಚ್ಚುಕಡಿಮೆ ಎರಡು ಕೆ.ಜಿ. ತೂಗುತ್ತದೆ. ಬಚ್ಚಲಿನ ಬಕೆಟ್ಟು? ದೋಸೆಹಿಟ್ಟಿನ ಪಾತ್ರೆ? ಚಪಾತಿ ಹಿಟ್ಟು ನಾದುವುದು ತಳ್ಳುವುದರ ಲೆಕ್ಕಕ್ಕೋ, ಒತ್ತುವುದರ ಲೆಕ್ಕಕ್ಕೋ? ಉಪ್ಪಿನಕಾಯಿ ಜಾಡಿಯ ಮುಚ್ಚಳ? ಹಾಸಿಗೆ ಕೊಡವುವುದು? ನಾನು ಒಂದೊಂದಾಗಿ ಕೇಳುತ್ತ ಹೋದಂತೆ ಹುಡುಗಿಯ ಮುಖದಲ್ಲಿ, ಪಾಠಕ್ಕೆ ಬಾರದ ಪ್ರಶ್ನೆ ಪರೀಕ್ಷೆಯಲ್ಲಿ ಬಂದಾಗ ನನ್ನ ವಿದ್ಯಾರ್ಥಿಗಳ ಮುಖದಲ್ಲಿ ಕಾಣುತ್ತಿದ್ದ ಕಳೆ ಬಂತು. ಕೊನೆಗೆ ತುರಿಮಣೆಯ ಹತ್ತಿರ ಬಂದೆವು. ಒಂದು ಕಾಲು ಮಡಿಸಿ ಮಣೆಯ ಮೇಲೆ ಕೂತು, ಹೋಳನ್ನು ಎರಡೂ ಅಂಗೈಯಲ್ಲಿ ಹಿಡಿದು, ಎದೆಯ ಭಾರವನ್ನೆಲ್ಲ ಬಿಟ್ಟು ತುರಿಯಬೇಕಾದ ಕೆಲಸ. ಅವಳು ತುರಿಮಣೆಯನ್ನು ಅಜ್ಜಿಯ ಮನೆಯಲ್ಲಿ ನೋಡಿದ್ದಳಂತೆ, ಯಾರೂ ಅದರ ಮೇಲೆ ಕೂತದ್ದನ್ನು ನೋಡಿರಲಿಲ್ಲ. "ಅದನ್ನ ಡಾಕ್ಟ್ರನ್ನೇ ಕೇಳಿ ಆಂಟಿ" ಎಂದು ಪಾರಾದಳು.

ಹೀಗಾಗಿ ಅಡುಗೆಮನೆ ಯಜಮಾನರ ಪಾಲಾಯಿತು. ಅವರು ರೇಷ್ಮೆ ಇಲಾಖೆಯಲ್ಲಿದ್ದವರು. ಚಾಕಿ ಹುಳುಗಳಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಬೇಕೆಂದು ರೈತರಿಗೆ ಜೀವಮಾನವಿಡೀ ಹೇಳಿದವರು, ಈಗ ಬೀನ್ಸನ್ನೂ ಹಾಗೇ ಹೆಚ್ಚತೊಡಗಿದರು. ಪಲ್ಯ ಬಾಯಿಗಿಟ್ಟರೆ ಹಲ್ಲಿಗೆ ಕೆಲಸವೇ ಇಲ್ಲ. ದಿನಕ್ಕೆ ಐದು ಗ್ರಾಂ ಉಪ್ಪು ಮೀರಬಾರದೆಂದು ಡಾಕ್ಟರು ಹೇಳಿದ್ದರಿಂದ, ಚಿನ್ನದಂಗಡಿಯಲ್ಲಿ ಇಡುವಂಥ ಸಣ್ಣ ತಕ್ಕಡಿ ತಂದು, ಬೆಳಿಗ್ಗೆಯೇ ತೂಗಿ ಪೊಟ್ಟಣ ಕಟ್ಟಿಡುತ್ತಿದ್ದರು. ಸಾರು ಹೇಗಿದೆ ಎಂದು ಕೇಳಿದರೆ ನಾನು ಚೆನ್ನಾಗಿದೆ ಎನ್ನುತ್ತಿದ್ದೆ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಸುಳ್ಳಿನ ಮಾತು ಬಂದದ್ದು ಒಳ್ಳೆಯದಾಯಿತು. ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದಾರೆ. ಟ್ರೆಡ್‌ಮಿಲ್ಲಿನ ಮೇಲೆ ನಡೆಯುತ್ತಿರುವವರು ತಮಗೆ ಎಷ್ಟು ಕಷ್ಟವಾಗುತ್ತಿದೆ ಎಂಬುದಕ್ಕೆ ಅದನ್ನು ನೋಡಿ ಅಂಕ ಹೇಳಬೇಕು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞ ಮಾಡಿದ ಅಳತೆ ಅದು. ಶುರುವಾಗುವುದು 6ರಿಂದ, ಮುಗಿಯುವುದು 20ಕ್ಕೆ. ಇಂಥ ಅಡ್ಡಾದಿಡ್ಡಿ ಅಳತೆಯನ್ನು ಯಾವ ವಿದ್ಯಾರ್ಥಿಯಾದರೂ ಬರೆದಿದ್ದರೆ ಕೆಂಪು ಮಸಿಯಲ್ಲಿ ಸುತ್ತು ಹಾಕುತ್ತಿದ್ದೆ. ಸೊನ್ನೆ ಎಲ್ಲಿ ಹೋಯಿತು ಎಂದು ಕೇಳಿದೆ. ಆ ಅಂಕವನ್ನು ಹತ್ತರಿಂದ ಗುಣಿಸಿದರೆ ಆರೋಗ್ಯವಂತರ ನಾಡಿಬಡಿತಕ್ಕೆ ಹತ್ತಿರ ಬರುತ್ತದಂತೆ: ಸುಮ್ಮನಿದ್ದಾಗ 60, ಪ್ರಾಣ ಬಿಟ್ಟು ಓಡಿದರೆ 200. ಸರಿ, ಒಪ್ಪಿದೆ. ಬೋರ್ಗ್ ಬುದ್ಧಿವಂತ. ನಮ್ಮಂಥವರಿಗೆ 11ರಿಂದ 13ರ ನಡುವೆ ನಡೆಸುತ್ತಾರೆ, ಹಗುರದಿಂದ ಸ್ವಲ್ಪ ಕಷ್ಟದವರೆಗೆ.

ತೊಂದರೆ ಬಂದದ್ದು ಅಂಕ ಹೇಳುವಾಗ. ಹುಡುಗಿ "ಈಗ ಎಷ್ಟು ಆಂಟಿ?" ಎನ್ನುತ್ತಾಳೆ. ನನ್ನ ಬಾಯಲ್ಲಿ "ಏನಿಲ್ಲಮ್ಮ, ಪರವಾಗಿಲ್ಲ" ಎಂಬುದು ಬಿಟ್ಟು ಬೇರೆ ಬರುವುದಿಲ್ಲ. ಸಾವಿರಾರು ಉತ್ತರಪತ್ರಿಕೆಗಳಿಗೆ ಅಂಕ ಕೊಟ್ಟವಳು, ನನ್ನ ಕಷ್ಟಕ್ಕೆ ಅಂಕ ಹಾಕು ಎಂದರೆ ಪೆನ್ನೇ ಏಳುತ್ತಿಲ್ಲ. ನಮ್ಮ ಕಡೆ ಹೆಂಗಸರಿಗೆ ಕಷ್ಟವನ್ನು ಅಳೆದು ಹೇಳಿ ರೂಢಿಯೇ ಇಲ್ಲ. ಒಂದೋ ಏನಿಲ್ಲ, ಇಲ್ಲವೋ ಆಂಬುಲೆನ್ಸ್. ನಡುವಿನ ಸಂಖ್ಯೆಗಳೆಲ್ಲ ನಮಗೆ ಯಾರೂ ಕಲಿಸಿಯೇ ಇಲ್ಲ. ಒಂದು ದಿನ ಹೀಗೇ "ಒಂಬತ್ತು" ಎಂದೆ. ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ತಲೆಯೆತ್ತದೆ, "ಹದಿನಾಲ್ಕು ಬರ್ಕೊಳ್ಳಮ್ಮ" ಎಂದರು. ನನಗೆ ಕೋಪ ಬಂತು. ಆಮೇಲೆ ಯೋಚಿಸಿದರೆ, ಉಪ್ಪು ತೂಗುವ ಮನುಷ್ಯ ಇದನ್ನೂ ಎಷ್ಟು ವರ್ಷದಿಂದ ತೂಗುತ್ತಿದ್ದನೋ ಏನೋ ಎನ್ನಿಸಿ ಸುಮ್ಮನಾದೆ. 14 ಸರಿಯಾದ ಉತ್ತರವಾಗಿತ್ತು.

ಕಸುವು ಬರುವುದು ಅಂಥ ನಿಗೂಢವಲ್ಲ, ಅದು ಲೆಕ್ಕ ತಪ್ಪದ ಸಾಲಗಾರ. ದಿನವೂ ನಡೆದರೆ, ಬೇಳೆ ಮೊಳಕೆಕಾಳು ತಿಂದರೆ, ನಿದ್ದೆ ಮಾಡಿದರೆ, ಹೇಳಿದ ಹೊತ್ತಿಗೆ ಹೆಚ್ಚುಕಡಿಮೆ ಬಂದೇ ಬರುತ್ತದೆ. ಮೊದಲು ಗೇಟು, ಆಮೇಲೆ ಮೂಲೆಯ ಹಾಲಿನ ಬೂತು, ಆಮೇಲೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆಯ ಏರಿಯ ಮೇಲೆ ಮೈಸೂರಿನ ಅರ್ಧಕ್ಕರ್ಧ ಹೃದಯಗಳು ಬೆಳಗಿನ ಜಾವ ರಿಪೇರಿಯಾಗುತ್ತಿರುತ್ತವೆ. ಕುವೆಂಪು ನಡೆದಾಡಿದ ಜಾಗ. ಅವರಿಗೆ ಇಲ್ಲಿ ಕವಿತೆ ಹುಟ್ಟುತ್ತಿತ್ತು. ನನಗೆ ಸಿಕ್ಕ ಪಾಠ ಬೇರೆ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತೇ ಆಡಲಾಗದಷ್ಟು ಏದುಸಿರಿದ್ದರೆ ಜೋರಾಯಿತು, ಆರಾಮಾಗಿ ಹಾಡಬಹುದಾದರೆ ಸಾಲದು. ಎಷ್ಟು ಸರಳ ಪರೀಕ್ಷೆ! ಆದರೆ ಹಾಡಲು ಆಗುವುದಿಲ್ಲ ಎಂದು ತಿಳಿಯಲು ಹಾಡಿಯೇ ನೋಡಬೇಕಲ್ಲ. ಚಿಕ್ಕಂದಿನಲ್ಲಿ ಕಲಿತ ಮಾಯಾಮಾಳವಗೌಳದ ಸರಳೆಯನ್ನು ಏರಿಯ ಮೇಲೆ ಶುರುಮಾಡಿದೆ. ಎರಡನೇ ಕಾಲಕ್ಕೆ ಬರುವಷ್ಟರಲ್ಲಿ ಮುಂದೆ ಹೋಗುತ್ತಿದ್ದ ಒಬ್ಬರು ತಿರುಗಿ ನೋಡಿ, ದಾರಿ ಬಿಟ್ಟು ಪಕ್ಕಕ್ಕೆ ನಿಂತರು. ಮಾತಿನ ಪರೀಕ್ಷೆಯೂ ನನ್ನ ಗೆಳತಿಯ ಜೊತೆ ನಡೆದರೆ ಕೆಲಸಕ್ಕೆ ಬರುವುದಿಲ್ಲ. ಅವಳು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನೂ ಸೊಸೆಯ ವಿಷಯ ಹೇಳುತ್ತಲೇ ಹತ್ತಿ, ಅಲ್ಪವಿರಾಮಕ್ಕೂ ಉಸಿರು ತೆಗೆದುಕೊಳ್ಳದೆ ಇಳಿಯಬಲ್ಲವಳು. ಬೋರ್ಗ್ ಅವಳನ್ನು ನೋಡಿದ್ದರೆ ಅಳತೆಯನ್ನೇ ಕೈಬಿಡುತ್ತಿದ್ದ.

ಕಸುವಿನ ಕತೆ ಹೀಗೆ. ನೆಚ್ಚಿಕೆಯ ಕತೆ ಹೀಗಲ್ಲ. ಕಾಲು ನಡೆಯುತ್ತಿತ್ತು, ಮನಸ್ಸು ಮಾತ್ರ ಅದರ ಹಿಂದೆ ಹಿಂದೆ ಬೆರಳು ನಾಡಿಯ ಮೇಲಿಟ್ಟುಕೊಂಡು ಬರುತ್ತಿತ್ತು. ಮಗ ಕೈಗೆ ಒಂದು ಗಡಿಯಾರ ತಂದು ಕಟ್ಟಿದ. ಅದು ನಾಡಿಯನ್ನೂ ಹೆಜ್ಜೆಯನ್ನೂ ನಿದ್ದೆಯನ್ನೂ ಎಣಿಸುತ್ತದೆ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಕ್ಲಿಪ್ಪು ಕೋವಿಡ್ ಕಾಲದ್ದು ಮನೆಯಲ್ಲೇ ಇತ್ತು. ಬಿ.ಪಿ. ಯಂತ್ರ ಬೇರೆ. ಇಷ್ಟು ಸಾಮಗ್ರಿ ಒಬ್ಬ ಗಣಿತದ ಟೀಚರ್ ಕೈಗೆ ಸಿಕ್ಕರೆ ಏನಾಗುತ್ತದೆ? ಗ್ರಾಫ್ ಪುಸ್ತಕ ಬಂತು. ಅಡ್ಡಗೆರೆಯಲ್ಲಿ ಹೊತ್ತು, ಉದ್ದಗೆರೆಯಲ್ಲಿ ನಾಡಿ. ಅಂಕಿ ಚೆನ್ನಾಗಿದ್ದರೆ ಯಂತ್ರ ಕೆಟ್ಟಿದೆಯೇ ಎಂಬ ಅನುಮಾನ. ಚೆನ್ನಾಗಿಲ್ಲದಿದ್ದರೆ ಭಯ, ಭಯಕ್ಕೆ ನಾಡಿ ಏರಿಕೆ, ಏರಿದ್ದಕ್ಕೆ ಇನ್ನಷ್ಟು ಭಯ. ನಿದ್ದೆ ಎಷ್ಟಾಯಿತೆಂದು ನೋಡಲು ನಿದ್ದೆಯಿಂದ ಏಳುತ್ತಿದ್ದೆ. ಯೋಚಿಸಿ ನೋಡಿ, ಈ ಹೃದಯ ಅರವತ್ತು ಚಿಲ್ಲರೆ ವರ್ಷ ನನ್ನ ಉಸ್ತುವಾರಿ ಇಲ್ಲದೆ ಬಡಿದಿತ್ತು. ಪರೀಕ್ಷಾ ಕೊಠಡಿಗಳಲ್ಲಿ, ಬಸ್ಸುಗಳಲ್ಲಿ, ಹೆರಿಗೆ ಮಂಚದಲ್ಲಿ, ರಾತ್ರಿ ಹನ್ನೊಂದಕ್ಕೆ ಕೋಡುಬಳೆ ಡಬ್ಬಿಯ ಮುಂದೆ. ಆಪರೇಷನ್ ಮೇಜಿನ ಮೇಲೆ ನಿಂತು, ಬೆಚ್ಚಗಿನ ರಕ್ತ ತಾಗಿದ ಕೂಡಲೇ ತಾನಾಗಿಯೇ ಮತ್ತೆ ಶುರುಮಾಡಿಕೊಂಡಾಗಲೂ ನಾನು ಅಲ್ಲಿರಲಿಲ್ಲ. ನಾನು ಗಮನಿಸುತ್ತಿಲ್ಲದ ಹೊತ್ತಿನಲ್ಲಿ ಅದು ಕೆಟ್ಟ ಕೆಲಸ ಮಾಡಿದ ದಾಖಲೆ ಒಂದೂ ಇಲ್ಲ. ಇದು ತರ್ಕಕ್ಕೆ ಗೊತ್ತಿತ್ತು. ತರ್ಕಕ್ಕೆ ಗೊತ್ತಿದ್ದರೆ ಏನು ಬಂತು, ರಾತ್ರಿ ಎರಡು ಗಂಟೆಗೆ ಎದ್ದು ಕೂರುವುದು ತರ್ಕವಲ್ಲವಲ್ಲ.

ಮುಂದೆ ನಡೆದದ್ದು ರಸಬಾಳೆಯ ದೆಸೆಯಿಂದ. ಮಾರ್ಕೆಟ್ಟಿಗೆ ಹೋಗಿದ್ದೆ. ಸಿಟ್ಟು, ಉದ್ವೇಗ, ಜಗಳ ಮೂರೂ ನಿಷಿದ್ಧವೆಂದು ಯಜಮಾನರು ಮನೆ ಬಿಡುವಾಗಲೇ ನೆನಪಿಸಿದ್ದರು. ಹಣ್ಣಿನವನು ಒಂದು ಚಿಪ್ಪು ಎತ್ತಿ ತೋರಿಸಿ, "ಅಸಲಿ ನಂಜನಗೂಡು ರಸಬಾಳೆ ತಾಯಿ" ಎಂದ. ಸೊರಗು ರೋಗ ಬಿದ್ದು ಆ ತೋಟಗಳೆಲ್ಲ ಬಡವಾಗಿ, ಅಸಲಿ ಹಣ್ಣು ಕಣ್ಣಿಗೆ ಬೀಳುವುದೇ ಅಪರೂಪವಾಗಿ ಎಷ್ಟು ಕಾಲವಾಯಿತು! ನಾನು ನಂಜನಗೂಡಿನ ಸೊಸೆ ಬೇರೆ. ಮೂಗಿನ ಹತ್ತಿರ ಹಿಡಿದೆ. ಆ ಪರಿಮಳವಿಲ್ಲ. ಸಿಪ್ಪೆ ದಪ್ಪ. "ಇದು ರಸಬಾಳೆ ಅಲ್ಲಪ್ಪ" ಎಂದೆ. ಅವನು ಹೌದು ಎಂದ. ನಾನು ಅಲ್ಲ ಎಂದೆ. ಅವನು ಅವರಪ್ಪನ ಕಾಲದ ತೋಟದ ಕತೆ ತೆಗೆದ, ನಾನು ನಮ್ಮ ಮಾವನವರ ಹಿತ್ತಿಲಿನ ಕತೆ ತೆಗೆದೆ. ಪಕ್ಕದ ವೀಳ್ಯದೆಲೆಯವಳು ನನ್ನ ಪಕ್ಷ ವಹಿಸಿದಳು, ನಿಂಬೆಹಣ್ಣಿನವನು ಅವನ ಪಕ್ಷ. ದನಿ ಏರಿತು. ಒಂದು ಕೈಯಲ್ಲಿ ಕುಂಬಳಕಾಯಿ ಹೋಳಿದ್ದ ಚೀಲ, ಇನ್ನೊಂದು ಕೈಯನ್ನು ಗಾಳಿಯಲ್ಲಿ ಬೀಸಿ ಬೀಸಿ ವಾದ ಮಂಡಿಸಿದೆ, ಬೋರ್ಡಿನ ಮುಂದೆ ನಿಂತಂತೆ. ಕೊನೆಗೆ ಅವನು ಒಂದು ಹಣ್ಣು ಸುಲಿದು ಕೊಟ್ಟ. ತಿಂದೆ. ರಸಬಾಳೆಯೋ ಅಲ್ಲವೋ ಈಗಲೂ ಹೇಳಲಾರೆ, ಚೆನ್ನಾಗಿತ್ತು. ಚಿಪ್ಪು ಕೊಂಡು ಆಟೋ ಹತ್ತಿ, ಅಗ್ರಹಾರದ ಸರ್ಕಲ್ ದಾಟಿದ ಮೇಲೆ, ಏನೋ ಮರೆತ ಹಾಗೆ ಅನ್ನಿಸಿತು. ಛತ್ರಿ ಇತ್ತು, ಪರ್ಸ್ ಇತ್ತು. ಎದೆಯನ್ನು ಮರೆತಿದ್ದೆ! ಎಷ್ಟೋ ಹೊತ್ತಿನಿಂದ ಅದರ ಕಡೆ ಕಿವಿಯನ್ನೇ ಕೊಟ್ಟಿರಲಿಲ್ಲ. ತಕ್ಷಣ ಬೆರಳು ಮಣಿಕಟ್ಟಿಗೆ ಹೋಯಿತು ಎನ್ನಿ, ಬುದ್ಧಿ ಎಲ್ಲಿ ಬಿಡುತ್ತದೆ. ಆದರೆ ಆ ಮೇಲೆ ಮರೆವುಗಳು ಹೆಚ್ಚುತ್ತ ಹೋದವು. ಹಾಲು ಉಕ್ಕುತ್ತಿದೆ ಎಂದು ಓಡುವಾಗ ಮರೆತೆ. ಮೊಮ್ಮಗನಿಗೆ ಭಿನ್ನರಾಶಿ ಹೇಳಿಕೊಡುವಾಗ ಮರೆತೆ. ಗ್ರಾಫ್ ಪುಸ್ತಕದಲ್ಲಿ ಚುಕ್ಕೆಗಳ ನಡುವೆ ಅಂತರ ಬೀಳುತ್ತ ಬಂತು, ಕೊನೆಗೆ ಅದರ ಖಾಲಿ ಹಾಳೆಗಳಲ್ಲಿ ಮೊಮ್ಮಗ ಡೈನೋಸಾರ್ ಬರೆದ.

ಮೂರು ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರು ಎಕೋ ನೋಡಿ, ಎದೆಮೂಳೆಯನ್ನು ಅದುಮಿ ನೋಡಿ, "ಫಸ್ಟ್‌ಕ್ಲಾಸ್ ಅಮ್ಮ. ಇನ್ನು ಎಲ್ಲ ಕೆಲಸ ಮಾಡಬಹುದು. ಏನಾದರೂ ಕೇಳೋದಿದೆಯಾ?" ಎಂದರು.

"ಕಾಯಿ ತುರೀಬಹುದಾ?"

ಡಾಕ್ಟರು ಚಿಕ್ಕ ವಯಸ್ಸಿನವರು. ತುರಿಮಣೆ ಎಂದರೆ ಗೊತ್ತು, ಆದರೆ ಎದೆಮೂಳೆಗೂ ಅದಕ್ಕೂ ಏನು ಸಂಬಂಧವೆಂದು ಹೊಳೆಯಲಿಲ್ಲ. ವಿವರಿಸಿದೆ. ಅರ್ಥವಾಗಲಿಲ್ಲ. "ಒಂದ್ಸಲ ಮಾಡಿ ತೋರಿಸ್ತೀರಾ?" ಎಂದರು. ಸೆರಗು ಸಿಕ್ಕಿಸಿಕೊಂಡು, ಅವರ ಮೇಜಿನ ಪಕ್ಕದ ನೆಲದ ಮೇಲೆ ಒಂದು ಕಾಲು ಮಡಿಸಿ ಕೂತೆ. ಹೋಳಿನ ಬದಲಿಗೆ ಒಂದು ಪೇಪರ್‌ವೇಟು. ಮುಂದಕ್ಕೆ ಬಾಗಿ ಭುಜ ಬಿಟ್ಟು ತುರಿಯತೊಡಗಿದೆ. ಬಾಗಿಲಲ್ಲಿ ಸಿಸ್ಟರ್ ನಿಂತು ನೋಡುತ್ತಿದ್ದಳು. ಸಾಕು ಎಂದರು, ಎದ್ದೆ. ಡಾಕ್ಟರ ಕಣ್ಣು ಅಗಲವಾಯಿತು. ತುರಿದದ್ದಕ್ಕಲ್ಲ, ಎದ್ದದ್ದಕ್ಕೆ. ಬ್ರೆಜಿಲ್‌ನ ಕ್ಲಾಡಿಯೋ ಗಿಲ್ ಅರೌಜೋ ಎಂಬ ವೈದ್ಯರು ಇದನ್ನೇ ಒಂದು ಪರೀಕ್ಷೆ ಮಾಡಿದ್ದಾರಂತೆ. ನೆಲದ ಮೇಲೆ ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5. ಕೈಯೋ ಮಂಡಿಯೋ ನೆಲಕ್ಕೆ ಊರಿದರೆ ಸಲಕ್ಕೊಂದು ಅಂಕ ಕಳೆಯಬೇಕು, ತೂರಾಡಿದರೆ ಅರ್ಧ. ಮೈಯ ಕಸುವು, ಬಾಗು, ತೂಕ ಹಿಡಿಯುವ ಶಕ್ತಿ ಮೂರೂ ಅದರಲ್ಲೇ ಗೊತ್ತಾಗುತ್ತದೆ.

"ಹಾಗಾದರೆ ನನಗೆಷ್ಟು?" ಎಂದೆ.

"ಒಂಬತ್ತು. ಏಳೋವಾಗ ಮಂಡಿ ಊರಿದ್ರಿ."

"ಊರಲಿಲ್ಲ. ಸೀರೆ ತಾಗಿದ್ದು."

"ಊರಿದ್ರಿ ಅಮ್ಮ, ನಾನು ನೋಡಿದೆ."

"ಇನ್ನೊಂದ್ಸಲ ಏಳ್ತೀನಿ, ಸರಿಯಾಗಿ ನೋಡಿ" ಎಂದು ನಾನು ಮತ್ತೆ ಕೂರಲು ಹೊರಟೆ. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದಾರೆಂದು ಸಿಸ್ಟರ್ ನೆನಪಿಸಿದಳು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ವ್ಯವಸ್ಥೆ ಅಲ್ಲಿರಲಿಲ್ಲ. "ಕಾಯಿ ತುರೀರಿ ಅಮ್ಮ, ಧಾರಾಳವಾಗಿ ತುರೀರಿ. ತಿನ್ನೋದು ಮಾತ್ರ ನೋಡ್ಕೊಂಡು" ಎಂದು ಡಾಕ್ಟರು ಕೈಮುಗಿದು ಕಳಿಸಿಕೊಟ್ಟರು.

ಹೊರಗೆ ಯಜಮಾನರು ಫೈಲು ಹಿಡಿದು ಕಾಯುತ್ತಿದ್ದರು.

"ಎಷ್ಟಂತೆ?"

"ಹತ್ತಕ್ಕೆ ಒಂಬತ್ತು" ಎಂದೆ, ಇನ್ನೂ ಸಿಟ್ಟಿನಲ್ಲೇ.

ಅವರು ಜೇಬಿಗೆ ಕೈಹಾಕುತ್ತ ಗಾಬರಿಯಿಂದ ಕೇಳಿದರು: "ಸಾವಿರಾನಾ?"